ಪೂರ್ಣವಿರಾಮದಲ್ಲಿ ಮಾತ್ರ ಉಸಿರು

ನನ್ನ ತರಗತಿಯಲ್ಲಿ ಗಟ್ಟಿಯಾಗಿ ಓದುವುದಕ್ಕೆ ಒಂದು ನಿಯಮವಿತ್ತು. ಅಲ್ಪವಿರಾಮ ಬಂದಲ್ಲಿ ದನಿಯನ್ನು ಕೊಂಚ ತಡೆಯಬೇಕು, ಆದರೆ ಉಸಿರೆಳೆಯಬಾರದು. ಉಸಿರು ಪೂರ್ಣವಿರಾಮದಲ್ಲಿ ಮಾತ್ರ. ವಾಕ್ಯದ ನಡುವೆ ಉಸಿರೆಳೆದವರು ಮತ್ತೆ ಮೊದಲಿನಿಂದ ಓದಬೇಕಾಗುತ್ತಿತ್ತು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ಕೇಳುವವನು ಕಾಯುತ್ತಿರುತ್ತಾನೆ, ಕಾಯುವವನನ್ನು ನಡುದಾರಿಯಲ್ಲಿ ಬಿಟ್ಟು ನಾವು ಸುಧಾರಿಸಿಕೊಳ್ಳುವುದು ಸಭ್ಯತೆಯಲ್ಲ ಎಂಬುದು ನನ್ನ ವಾದ. ಹಿರೇಕೆರೂರಿನಲ್ಲಿ ಕೆಲಸಕ್ಕೆ ಸೇರಿದಂದಿನಿಂದ, ಹಾನಗಲ್ಲಿಗೆ ವರ್ಗವಾಗಿ, ಅಲ್ಲಿಂದ ಹತ್ತಿಮತ್ತೂರಿನ ಪ್ರೌಢಶಾಲೆಗೆ ಬರುವವರೆಗೂ ಈ ನಿಯಮವನ್ನು ನಾನು ಸಡಿಲಿಸಲಿಲ್ಲ. ನನಗೂ ಅದರಿಂದ ವಿನಾಯಿತಿ ಇರಲಿಲ್ಲ. ಹೀಗಾಗಿ ಅದು ನಿಯಮವಾಗಿ ಉಳಿಯದೆ, ನಡೆಯುವಾಗ ಕೈ ಬೀಸುವ ಹಾಗೆ, ದೇಹದ ಅಭ್ಯಾಸವೇ ಆಗಿಹೋಗಿತ್ತು.

ಆ ಅಭ್ಯಾಸ ನನ್ನ ಪ್ರಾಣದ ಬಾಗಿಲವರೆಗೆ ಬಂದು ನಿಂತದ್ದು ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ. ನನಗೆ ಬಂದದ್ದು ವೈರಸ್ಸಿನ ನ್ಯುಮೋನಿಯಾ. ಆ ರೋಗದ ಶಾಸ್ತ್ರವನ್ನು ಹೇಳುವುದು ನನ್ನ ಕೆಲಸವಲ್ಲ. ಅದನ್ನು ಬಲ್ಲವರು ಬರೆದಿದ್ದಾರೆ. ನಾನು ಬರೆಯುತ್ತಿರುವುದು, ಹಾಸಿಗೆಯಲ್ಲಿ ಮಲಗಿ ತಮಗೇನೂ ಆಗಿಲ್ಲವೆಂದು ಹಿತವಾಗಿ ನಂಬಿರುವವರಿಗಾಗಿ. ಅದಕ್ಕಿಂತ ಹೆಚ್ಚಾಗಿ, ಆ ಹಾಸಿಗೆಯ ಪಕ್ಕದಲ್ಲಿ ಕುಳಿತು ಅದನ್ನು ನಂಬಲಾರದೆ ಇರುವವರಿಗಾಗಿ.

ಸಂಕ್ರಾಂತಿ ಕಳೆದಿತ್ತು. ಹತ್ತಿಮತ್ತೂರಿನ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ. ಶಾಲೆಯ ದಾರಿಯಲ್ಲಿ ಬೇಲಿಯ ಮುಳ್ಳಿಗೆ, ಎತ್ತಿನ ಕೊಂಬಿಗೆ, ಹೆಂಗಸರ ಜಡೆಗೆ ಹತ್ತಿಯ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು. ಆ ವರ್ಷ ಊರಿಗೆ ಊರೇ ಕೆಮ್ಮುತ್ತಿತ್ತು. ಎಲ್ಲರ ಹಾಗೆ ನನಗೂ ನೆಗಡಿಯಾಯಿತು, ಎಲ್ಲರ ಹಾಗೆ ಜ್ವರವೂ ಬಂದಿತು. ಆದರೆ ಎಲ್ಲರ ಜ್ವರ ಇಳಿದ ಮೇಲೂ ನನ್ನದು ಇಳಿಯಲಿಲ್ಲ. ಶಾಲೆಯ ಜವಾನ ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿದ್ದರಿಂದ ಶಿಗ್ಗಾವಿಯಲ್ಲಿದ್ದ ನನ್ನ ತಂಗಿ ಗಿರಿಜಾ ಬಂದಳು. ನಾನು ಮದುವೆಯಾದವಳಲ್ಲ; ಅವ್ವ ಅಪ್ಪ ತೀರಿಕೊಂಡ ಮೇಲೆ ನನ್ನವರೆಂದು ಇದ್ದವಳು ಅವಳೊಬ್ಬಳೇ. ಅವಳ ಗಂಡನಿಗೆ ಅಲ್ಲೊಂದು ಕಿರಾಣಿ ಅಂಗಡಿ. ಅವಳಿಗೆ ನಾನು ಚಿಕ್ಕಂದಿನಿಂದ ತಿದ್ದಿದ ತಪ್ಪುಗಳಿಗೆ ಲೆಕ್ಕವಿಲ್ಲ, ಅವಳು ಮತ್ತೆ ಮಾಡಿದ ತಪ್ಪುಗಳಿಗೂ ಲೆಕ್ಕವಿಲ್ಲ.

ಬಂದವಳೇ ನನ್ನ ಹಣೆ ಮುಟ್ಟಿ ನೋಡಿ, "ಏನಕ್ಕ, ಜ್ವರಾನೂ ವ್ಯಾಕರಣ ಪ್ರಕಾರ ಬಂದೈತೇನು?" ಎಂದಳು.

"ಜ್ವರಕ್ಕೆ ವ್ಯಾಕರಣವಿಲ್ಲ," ಎಂದೆ.

"ಹಂಗಾದ್ರ ಅದು ನನ್ನ ಕಡೀದು. ನಾ ಮಾತಾಡಿ ಕಳಸ್ತೇನಿ, ನೀ ಸುಮ್ನ ಏಳು."

ಅವಳು ಮಾತನಾಡಿದರೂ ಅದು ಹೋಗಲಿಲ್ಲ. ಶಾಲು ಹೊದಿಸಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ಸವಣೂರಿನ ಒಂದು ಚಿಕ್ಕ ದವಾಖಾನೆಗೆ ನನ್ನನ್ನು ಕರೆದುಕೊಂಡು ಹೋದಳು.

ದವಾಖಾನೆಯ ಜಗಲಿಯ ಮೇಲೆ ಕಲ್ಲಿನ ಬೆಂಚುಗಳಿದ್ದವು. ಅವುಗಳ ಮೇಲೆ ಕುಳಿತವರೆಲ್ಲ ಕಂಬಳಿ, ಕೌದಿ, ಟವೆಲ್ಲುಗಳನ್ನು ಹೊದ್ದುಕೊಂಡಿದ್ದರು. ಒಬ್ಬರು ಕೆಮ್ಮಿದರೆ ಸಾಲಿನಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. ಕೆಮ್ಮು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಸ್ವಲ್ಪ ವಿಶ್ರಮಿಸಿ, ಮರಳಿ ಬರುತ್ತಿತ್ತು. ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ. ನನಗೂ ಇರಲಿಲ್ಲ. ಬಿಸಿಲು ಜಗಲಿಯ ಮೇಲೆ ತೆವಳಿ ಬಂದು ನನ್ನ ಪಾದದ ಮೇಲೆ ಕುಳಿತಿತು. ಅದನ್ನು ಎಬ್ಬಿಸಬಾರದೆಂದು ನಾನು ಪಾದವನ್ನು ಅಲುಗಿಸಲಿಲ್ಲ.

ವೈದ್ಯರು ಮೈಸೂರು ಕಡೆಯ ತರುಣರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಎರಡೂ ಕಡೆ ಇದೆ. ಮಲಗಿಸ್ಕೊಳ್ತೀನಿ," ಎಂದರು.

ಹೆಂಗಸರ ವಾರ್ಡಿನಲ್ಲಿ ನನಗೆ ಕಿಟಕಿಯ ಪಕ್ಕದ ಮಂಚ ಸಿಕ್ಕಿತು. ಕಿಟಕಿಯಾಚೆ ಒಂದು ಎಲೆಬಳ್ಳಿಯ ತೋಟ. ತೇವದ ನೆರಳು, ನೆರಳಿನೊಳಗೆ ಇನ್ನೊಂದು ನೆರಳು. ನನ್ನ ಪಕ್ಕದ ಮಂಚದಲ್ಲಿ ಹುಲಗೂರಿನ ಹಜರತ್‌ಬಿ ಎಂಬ ವಯಸ್ಸಾದ ಹೆಂಗಸು. ಆಕೆಗೂ ಅದೇ ರೋಗ. ಆಕೆ ನರಳಿದರೆ ಜಗಲಿಯಲ್ಲಿದ್ದವರು ಬಾಗಿಲಿಗೆ ಬಂದು ಇಣುಕುತ್ತಿದ್ದರು.

ವೈದ್ಯರು ಗಿರಿಜಾಳಿಗೆ ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೂ ಕೇಳಿಸುತ್ತಿತ್ತು.

"ಇದಕ್ಕೆ ಔಷಧಿ ಅಂತ ಹೆಚ್ಚೇನಿಲ್ಲಮ್ಮ. ಬಹಳ ಜನಕ್ಕೆ ತಾನಾಗೇ ಇಳಿಯುತ್ತೆ. ಕೆಲವರಿಗೆ ಮಾತ್ರ ಏಕಾಏಕಿ ಕೆಡುತ್ತೆ. ಆಗ ಹುಬ್ಬಳ್ಳೀಲಿ ಐಸಿಯುಗೆ ಹಾಕಬೇಕು, ಉಸಿರಾಡಿಸೋ ಮಿಷಿನ್ ಅಲ್ಲಿದೆ. ನಮ್ಮ ಹತ್ರ ಇರೋದು ಒಂದು ಜೀಪು, ಒಂದು ಆಕ್ಸಿಜನ್ ಸಿಲಿಂಡರು. ಕೆಟ್ಟ ಮೇಲೆ ಹೊರಟರೆ ದಾರಿ ಸಾಲೋದಿಲ್ಲ. ಯಾರಿಗೆ ನಾಳೆ ಬೇಕಾಗುತ್ತೆ ಅಂತ ಇವತ್ತೇ ಹೇಳಬೇಕು."

"ಅದನ್ನ ಹೆಂಗ ಹೇಳತೀರ್ರಿ?"

"ನಾಡಿ ನೋಡ್ತೀನಿ, ಉಸಿರು ಎಣಿಸ್ತೀನಿ. ಆದ್ರೆ ಈ ವಾರ್ಡಲ್ಲಿ ಎಲ್ಲರದೂ ಒಂದೇ ಥರ ಓಡ್ತಾ ಇದೆ. ಅದಕ್ಕೇ ಮಾತಾಡಿಸ್ತೀನಿ. ವಾಕ್ಯದ ಮಧ್ಯೆ ಉಸಿರಿಗೆ ನಿಲ್ತಾರಾ ನೋಡ್ತೀನಿ. ನಿಂತರೆ ಶ್ವಾಸಕೋಶ ಸೋಲ್ತಾ ಇದೆ ಅಂತ."

ಎಷ್ಟು ಒಳ್ಳೆಯ ಪರೀಕ್ಷೆ ಎಂದು ನನಗನ್ನಿಸಿತು. ನನ್ನ ತರಗತಿಯ ಪರೀಕ್ಷೆಯೇ ಅದು. ಇದರಲ್ಲಿ ನಾನು ತೇರ್ಗಡೆಯಾಗುತ್ತೇನೆ ಎಂಬ ನೆಮ್ಮದಿಯಿಂದ ಕಣ್ಣು ಮುಚ್ಚಿದೆ.

ಮುಂದಿನ ಸಂಗತಿಗಳನ್ನು ಓದುವವರು ನಾನು ಕಷ್ಟಪಡುತ್ತಿದ್ದೆನೆಂದು ಭಾವಿಸಬಾರದು. ಅದೇ ಈ ರೋಗದ ವಿಚಿತ್ರ. ನನಗೆ ನೋವಿರಲಿಲ್ಲ. ಕೆಮ್ಮು ಕೂಡ ನನ್ನನ್ನು ಮರೆತು ಎಲ್ಲಿಗೋ ಹೋಗಿತ್ತು. ನಾನು ಹಾಸಿಗೆಯಿಂದ ಗೇಣುದ್ದ ಮೇಲೆ ತೇಲುತ್ತಿರುವಂತೆ, ಹಾಸಿಗೆಗೂ ಬೆನ್ನಿಗೂ ನಡುವೆ ಯಾರೋ ಹತ್ತಿಯನ್ನು ತುಂಬುತ್ತಿರುವಂತೆ ಇತ್ತು. ಬೀಜ ತೆಗೆದ ಹತ್ತಿ. ಅದು ಕಿಟಕಿಯಿಂದ ಬರುತ್ತಿತ್ತು; ತೋಟದ ಎಲೆಗಳ ಮೇಲೆ ಕ್ಷಣ ಕುಳಿತು, ಬಿಳಿಯ ಹಕ್ಕಿಯ ಹಾಗೆ ಒಳಗೆ ಬಂದು, ನನ್ನ ಎದೆಯೊಳಗೆ ಇಳಿಯುತ್ತಿತ್ತು. ಬೇಡವೆನ್ನಬೇಕೆಂದು ನನಗೆ ತೋರಲಿಲ್ಲ. ಚಳಿಗೆ ಒಳಗಿನಿಂದ ಹೊದಿಸುತ್ತಿದ್ದಾರೆ ಎಂದುಕೊಂಡೆ. ಅವ್ವ ಹಾನಗಲ್ಲಿನ ಮನೆಯ ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದಳು. ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನನ್ನ ಕಡೆ ನೋಡಿ, ಇನ್ನೇನು ಮುಗಿಯಿತು ಎಂಬಂತೆ ತಲೆಯಾಡಿಸಿದಳು. ಅವಳು ತೀರಿಕೊಂಡಿದ್ದಾಳೆ ಎಂಬುದು ಗೊತ್ತಿತ್ತು. ಅದೊಂದು ದೊಡ್ಡ ಸಂಗತಿಯೆಂದು ಮಾತ್ರ ಅನ್ನಿಸಲಿಲ್ಲ.

ಬೆಳಗಿನ ತಪಾಸಣೆಗೆ ಬಂದ ವೈದ್ಯರು ಹೇಗಿದ್ದೀರಿ ಎಂದು ಕೇಳಿದರು.

"ನೆಮ್ಮದಿಯಾಗಿದ್ದೇನೆ," ಎಂದೆ. "ಕೆಮ್ಮು ಕಡಿಮೆಯಾಗಿದೆ. ನಿದ್ದೆ ಬರುತ್ತಿದೆ. ಹಸಿವಿಲ್ಲ."

"ಎಷ್ಟು ಚೆನ್ನಾಗಿ ಮಾತಾಡ್ತೀರಿ ಟೀಚರ್. ರೇಡಿಯೋಲಿ ವಾರ್ತೆ ಕೇಳಿದ ಹಾಗಿದೆ."

ನಾನು ಮುಗುಳ್ನಕ್ಕೆ. ನನ್ನ ಒಂದು ವಾಕ್ಯವೂ ಮುರಿದಿರಲಿಲ್ಲ. ಪ್ರತಿಯೊಂದಕ್ಕೂ ಕರ್ತೃ ಇತ್ತು ಅಥವಾ ಹೇಳದೆಯೂ ತಿಳಿಯುವಂತೆ ಅಧ್ಯಾಹಾರವಾಗಿತ್ತು; ಪ್ರತಿಯೊಂದೂ ತನ್ನ ಕ್ರಿಯಾಪದವನ್ನು ತಲುಪಿತ್ತು. ಒಂದೊಂದು ಪೂರ್ಣವಿರಾಮದಲ್ಲಿಯೂ ನಾನು ಸಭ್ಯವಾಗಿ ಉಸಿರೆಳೆದುಕೊಂಡಿದ್ದೆ.

ಬಳಿಕ ಹಜರತ್‌ಬಿಯ ಸರದಿ. "ನಾ... ಉಳಿಯಂಗಿಲ್ರಿ... ಡಾಕ್ಟರ್‌ಸಾಬ್," ಎಂದು ಒಂದೊಂದು ಪದಕ್ಕೂ ಎದೆ ಹಿಡಿದುಕೊಂಡು ಆಕೆ ಹೇಳಿದಳು. ವೈದ್ಯರ ಮುಖ ಗಂಭೀರವಾಯಿತು. ಮಧ್ಯಾಹ್ನದೊಳಗೆ ಆಕೆಯನ್ನು ಹುಬ್ಬಳ್ಳಿಗೆ ಕಳಿಸುವುದೆಂದು ತೀರ್ಮಾನವಾಯಿತು. ಆಕೆಯ ಮಗ ಸೊಸೆ ಗಂಟುಮೂಟೆ ಕಟ್ಟತೊಡಗಿದರು. ಅದನ್ನೆಲ್ಲ ನಾನು ದೂರದ ಊರಿನ ಸುದ್ದಿಯಂತೆ ಕೇಳುತ್ತಿದ್ದೆ.

ಗಿರಿಜಾ ಜೋಳದ ಗಂಜಿ ಮಾಡಿಸಿಕೊಂಡು ಬಂದಳು. ಚಮಚದಲ್ಲಿ ಕುಡಿಸುತ್ತ ಅಂಗಡಿಯ ಸುದ್ದಿ, ಓಣಿಯ ಸುದ್ದಿ ಹೇಳಿದಳು. ನಾನು ಕೇಳಿದೆ; ಅಥವಾ ನನ್ನ ಮೇಲೆ ಅದು ಮಳೆಹನಿಯ ಹಾಗೆ ಬಿದ್ದು ಹೋಯಿತು.

"ಉಪ್ಪು ಸರಿ ಐತೇನಕ್ಕ?"

"ಇದೆ."

"ಇನ್ನೊಂದಿಷ್ಟು ಹಾಕಲಿ?"

"ಸಾಕು."

ಅವಳು ಚಮಚವನ್ನು ಬಟ್ಟಲಲ್ಲಿ ಇಟ್ಟಳು. ನನ್ನ ಮುಖವನ್ನು ನೋಡಿದಳು. ಅನಂತರ ಎದ್ದು ಹೊರಗೆ ಹೋದಳು. ಬಾಗಿಲ ಹತ್ತಿರ ಅವಳ ದನಿ ಕೇಳಿಸಿತು.

"ಡಾಕ್ಟರ್ರ, ನಮ್ಮ ಅಕ್ಕಗ ಆರಾಮ ಇಲ್ರಿ."

"ಯಾಕಮ್ಮ? ಬೆಳಿಗ್ಗೆ ಚೆನ್ನಾಗೇ ಮಾತಾಡಿದ್ರಲ್ಲ."

"ಅದ ನನಗ ಚಿಂತಿ ಹತ್ತೈತ್ರಿ. ಆಕಿ ಮಾತಿಗೆ ಬಾಲ ಇರತೈತಿ. ಒಂದು ವಾಟಗಾ ನೀರು ಕೇಳಬೇಕಂದ್ರ, ನೀರು ಯಾವ ಕೊಡದಾಗಿಂದು, ಕಾಸಿ ಆರಿಸೇನೋ ಇಲ್ಲೋ, ಕುಡದ ಮ್ಯಾಲ ವಾಟಗಾ ಎಲ್ಲಿಡಬೇಕು, ಎಲ್ಲಾ ಕೂಡಿಸಿ ಒಂದ ಮಾತಿನ್ಯಾಗ ಹೇಳಾಕಿ. ಮುಂಜಾನಿಂದ ಇದೆ, ಸಾಕು, ಇಡು ಅನ್ನಾಕತ್ತಾಳ. ಇದು ನಮ್ಮ ಅಕ್ಕನ ಮಾತಲ್ರಿ."

"ಸುಸ್ತಿಗೆ ಹಾಗೆ ಮಾತಾಡ್ತಿರಬಹುದು."

"ಸುಸ್ತಾದ್ರ ಆಕಿ ಇನ್ನೂ ಉದ್ದ ಮಾತಾಡ್ತಾಳ್ರಿ. ಸಿಟ್ಟು ಬಂದ್ರ ಅದಕ್ಕೂ ಉದ್ದ. ನೀವು ಒಳಗ ಬರ್ರಿ, ನಾ ಒಂದು ತಪ್ಪು ಮಾತಾಡಿ ತೋರಸ್ತೇನಿ."

ಇಬ್ಬರೂ ನನ್ನ ಮಂಚದ ಬಳಿ ಬಂದರು. ಗಿರಿಜಾ ವೈದ್ಯರ ಕಡೆ ತಿರುಗಿ, ನನಗೆ ಕೇಳಿಸುವ ಹಾಗೆ, "ಇಲ್ಲಿ ನಮ್ಮ ಅಕ್ಕಗ ಭಾಳ ಅನಾನುಕೂಲ ಆಗಾಕತ್ತೈತ್ರಿ," ಎಂದಳು.

ಹತ್ತಿಯ ಹೊಲದಾಚೆ ಎಲ್ಲೋ ಒಂದು ಗಂಟೆ ಬಾರಿಸಿದಂತಾಯಿತು. ಆ ತಪ್ಪನ್ನು ಅವಳಿಗೆ ನಾನು ಎಷ್ಟು ಬಾರಿ ತಿದ್ದಿರಲಿಲ್ಲ!

"ಅನಾನುಕೂಲ ತಪ್ಪು," ಎಂದೆ. "ಅನನುಕೂಲ."

"ಯಾಕ ತಪ್ಪು? ಎಲ್ಲಾರೂ ಹಂಗ ಅಂತಾರ. ಬಸ್‌ಸ್ಟ್ಯಾಂಡಿನ್ಯಾಗ ಬೋರ್ಡಿನ ಮ್ಯಾಲ ಹಂಗ ಬರದಾರ. ನೀ ಒಬ್ಬಾಕಿ ಬ್ಯಾರೆ ಹೇಳತೀದಿ."

ಇದಕ್ಕೆ ಎರಡು ಪದದ ಉತ್ತರ ಸಲ್ಲದು. ನಾನು ತಲೆಯನ್ನು ದಿಂಬಿನಿಂದ ಕೊಂಚ ಎತ್ತಿ ಹೇಳತೊಡಗಿದೆ.

"ಅನುಕೂಲವೆಂಬುದು ಸ್ವರದಿಂದ ಮೊದಲಾಗುವ ಶಬ್ದವಾದ್ದರಿಂದ, ಅದರ ಹಿಂದೆ ಇಲ್ಲವೆಂಬ ಅರ್ಥದ ಅನ್ ಬಂದು, ಆ ನಕಾರಕ್ಕೆ ಮುಂದಿನ ಅಕಾರ ಸೇರಿ..."

ಅಲ್ಲಿಗೆ ನಿಂತಿತು.

ಸೇರಿ ಎಂಬುದು ಮುಂದೆ ಒಂದು ಪೂರ್ಣ ಕ್ರಿಯಾಪದವನ್ನು ಕೇಳುವ ರೂಪ. ಅಲ್ಲಿ ಯಾರೂ ನಿಲ್ಲುವಂತಿಲ್ಲ. ಆ ಕ್ರಿಯಾಪದ ನನಗೆ ಕಾಣಿಸುತ್ತಿತ್ತು. ಹಳ್ಳದ ಆಚೆಯ ದಂಡೆಯಲ್ಲಿ ಬಿಳಿಯ ಬಟ್ಟೆ ಉಟ್ಟು ನಿಂತವರ ಹಾಗೆ, ಸ್ಪಷ್ಟವಾಗಿ, ಶಾಂತವಾಗಿ. 'ಆಗುತ್ತದೆ.' ಅಷ್ಟೇ. ಈಚೆಯ ದಂಡೆಯಿಂದ ಅಲ್ಲಿಗೆ ಹೋಗಲು ಉಸಿರಿರಲಿಲ್ಲ. ನಿಯಮದ ಪ್ರಕಾರ ಇಲ್ಲಿ ಉಸಿರೆಳೆಯುವಂತಿರಲಿಲ್ಲ; ನಿಯಮವನ್ನು ಬಿಟ್ಟು ಎಳೆದರೂ ಎಳೆದದ್ದು ಎದೆಗೆ ಇಳಿಯಲಿಲ್ಲ. ಆಗ, ಮೊದಲ ಸಲ, ನನಗೆ ಭಯವಾಯಿತು. ತೇಲುತ್ತಿದ್ದ ಹಾಸಿಗೆ ಒಮ್ಮೆಲೇ ನೆಲಕ್ಕೆ ಬಡಿಯಿತು.

ವೈದ್ಯರು ನನ್ನ ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರು ನೋಡಿದರು. ತುಟಿ ನೋಡಿದರು. ಎಲೆಬಳ್ಳಿಯ ತೋಟದ ಹಸಿರು ಬೆಳಕಿನಲ್ಲಿ ಅವು ನೀಲಿಗಟ್ಟಿದ್ದನ್ನು ಅವರು ಬೆಳಿಗ್ಗೆ ಗುರುತಿಸಿರಲಿಲ್ಲ. ಅವರಿಗೆ ತಿಳಿಯಿತು, ಅವರ ಮುಖ ನೋಡಿ ನನಗೂ ತಿಳಿಯಿತು. ನನ್ನ ದೇಹ ನನ್ನನ್ನು ಕೇಳದೆ ನನ್ನ ವಾಕ್ಯಗಳನ್ನು ಕತ್ತರಿಸಿ, ಉಸಿರಿನ ಅಳತೆಗೆ ತಕ್ಕಂತೆ ಹೊಲಿದು, ನಿಯಮವನ್ನೂ ಉಳಿಸಿಕೊಂಡು, ನಾನು ಚೆನ್ನಾಗಿದ್ದೇನೆಂದು ನಮ್ಮಿಬ್ಬರನ್ನೂ ನಂಬಿಸಿತ್ತು.

"ಜೀಪಲ್ಲಿ ಟೀಚರ್‌ನ ಹಾಕಿ," ಎಂದರು ವೈದ್ಯರು.

ಹಜರತ್‌ಬಿ ಎದ್ದು ಕುಳಿತಳು.

"ಅಲ್ರಿ ಡಾಕ್ಟರ್‌ಸಾಬ್, ಮೊದಲ ನನಗ ಹೇಳಿ, ನನ್ನ ಸೊಸಿ ಸೀರಿ ಸುದ್ದಾ ಗಂಟು ಕಟ್ಟಿ, ನನ್ನ ಮಗ ಹುಬ್ಬಳ್ಳ್ಯಾಗಿನ ಬೀಗರ ಮನಿಗೆ ಖಬರ್ ಕಳಿಸಿ, ಈಗ ಜೀಪಿನ್ಯಾಗ ಜಾಗಾ ಇಲ್ಲಂದ್ರ ನಾ ಹುಲಗೂರಿಗೆ ಹೊಳ್ಳಿ ಹೋಗಿ ಮಂದಿಗೆ ಏನಂತ ಹೇಳಲಿ?"

ಒಂದೇ ಉಸಿರು. ಎಲ್ಲ ಕ್ರಿಯೆಗಳೂ ಸಾಲಾಗಿ ನಡೆದು, ಕೊನೆಗೆ ತಲುಪಬೇಕಾದಲ್ಲಿಗೆ ತಲುಪಿದ್ದವು. ನನಗೆ ಅಸೂಯೆಯಾಯಿತು.

ವೈದ್ಯರು ಆಕೆಯ ಮಂಚದ ಅಂಚಿನಲ್ಲಿ ಕುಳಿತರು. "ಹಜರತ್‌ಬಿ, ಈಗ ನೀವು ಹೇಳಿದ್ದನ್ನ ಟೀಚರ್ ಒಂದೇ ಉಸಿರಲ್ಲಿ ಹೇಳೋ ಹಾಗಿದ್ರೆ, ನಾನು ಯಾರನ್ನೂ ಕಳಿಸ್ತಿರಲಿಲ್ಲ."

ಆಕೆ ತಾನು ಹೇಳಿದ್ದನ್ನು ನೆನೆಸಿಕೊಂಡಳು. ಎದೆ ಹಿಡಿಯಲು ಕೈ ಎತ್ತಿ, ತಡವಾಯಿತೆಂದು ತಿಳಿದು, ಕೆಳಗಿಳಿಸಿದಳು. "ಹೋಗ್ರಿ ಅಕ್ಕೋರ," ಎಂದಳು ನನ್ನ ಕಡೆ ತಿರುಗಿ. "ಅಲ್ಲಿ ಚಲೋ ಹಾಸಿಗಿ ನೋಡಿ ಹಿಡೀರಿ."

ಜಗಲಿಯಲ್ಲಿ ವೈದ್ಯರು ಗಿರಿಜಾಳಿಗೆ ಮೆಲ್ಲಗೆ ಹೇಳಿದರಂತೆ, "ನಾನು ತಪ್ಪಿದ್ರೆ ಆ ಅಜ್ಜಿ ಹೋಗ್ತಾರೆ. ಜೀಪು ವಾಪಸ್ ಬರೋವರೆಗೂ ನಾನು ಅವರ ಪಕ್ಕದಲ್ಲೇ ಕೂತಿರ್ತೀನಿ." ಇದನ್ನು ಅವಳು ನನಗೆ ಹೇಳಿದ್ದು ಬಹಳ ತಿಂಗಳ ಮೇಲೆ.

ಜೀಪಿನಲ್ಲಿ ಮಲಗಿದವಳಿಗೆ ರಸ್ತೆ ಕಾಣಿಸುವುದಿಲ್ಲ. ಮರಗಳ ತಲೆಗಳು ಮಾತ್ರ ಕಾಣಿಸುತ್ತವೆ. ಹುಣಸೆಯ ತಲೆ, ಬೇವಿನ ತಲೆ, ಆಮೇಲೆ ಏನೂ ಇಲ್ಲದ ಆಕಾಶ, ಮತ್ತೆ ಹುಣಸೆ. ಮೂಗಿನ ಮೇಲೆ ಕಟ್ಟಿದ ರಬ್ಬರಿನ ಬಟ್ಟಲಿನಿಂದ ತಣ್ಣಗಿನ, ರುಚಿಯಿಲ್ಲದ ಗಾಳಿ ಬರುತ್ತಿತ್ತು. ನನಗೆ ನಿದ್ದೆ ಬೇಕಿತ್ತು. ಗಿರಿಜಾ ಕೊಡಲಿಲ್ಲ.

"ಅಕ್ಕ, ಕೇಳಾಕತ್ತೀಯಿಲ್ಲೋ? ಸನ್ಮಾನ್ಯರು ಭಾಷಣ ಮಾಡಿದಳು."

ಕಣ್ಣು ತೆರೆದೆ.

"ಹಸುಗಳು ಹುಲ್ಲು ತಿಂದಿತು. ನಾನು ನಿನ್ನೆ ಬರುತ್ತೇನೆ. ತಿದ್ದಬ್ಯಾಡ, ಮನಸಿನ್ಯಾಗ ಬೈಕೋ. ನೀ ಬೈಕೊಳ್ಳಾಕತ್ತೀ ಅಂತ ನನಗ ನಿನ್ನ ಹುಬ್ಬು ನೋಡಿದ್ರ ತಿಳೀತೈತಿ."

ಶಿಗ್ಗಾವಿ ದಾಟಿತು. ಅವಳ ಮನೆ ಅಲ್ಲಿಯೇ, ಹೆದ್ದಾರಿಗೆ ಹತ್ತಿರ. ಅಂಗಡಿಯಲ್ಲಿ ಗಂಡ ಕುಳಿತಿರುವ ಹೊತ್ತು. ಅವಳು ಆ ಕಡೆ ತಲೆಯೆತ್ತಿ ನೋಡಲಿಲ್ಲ. ನನ್ನ ಹುಬ್ಬನ್ನೇ ನೋಡುತ್ತ, ಶಾಲೆಯಲ್ಲಿ ಕಲಿತ ತಪ್ಪುಗಳನ್ನೆಲ್ಲ, ಕಲಿಯದಿದ್ದವುಗಳನ್ನೂ ಸೇರಿಸಿ, ಒಂದಾದ ಮೇಲೊಂದರಂತೆ ಹೇಳುತ್ತಲೇ ಇದ್ದಳು. ಆ ತಪ್ಪುಗಳ ಹಗ್ಗವನ್ನು ಹಿಡಿದುಕೊಂಡು ನಾನು ಹುಬ್ಬಳ್ಳಿಯವರೆಗೆ ಹೋದೆ.

ಅಲ್ಲಿನ ದೊಡ್ಡ ದವಾಖಾನೆಯ ತೀವ್ರ ನಿಗಾ ಘಟಕದ ಬಗ್ಗೆ ನನಗೆ ಕ್ರಮವಾದ ನೆನಪಿಲ್ಲ. ಕ್ರಮವಾದ ನೆನಪಿಲ್ಲವೆಂದು ಬರೆಯುವುದಕ್ಕೂ ನನಗೆ ಸಂಕೋಚವಾಗುತ್ತದೆ, ಆದರೂ ಅದೇ ನಿಜ. ಬಂದ ದಿನವೇ ನನ್ನ ಗಂಟಲಿನೊಳಗೆ ನಳಿಗೆ ಇಳಿಸಿ ಯಂತ್ರಕ್ಕೆ ಸೇರಿಸಿದರು. ಆ ಯಂತ್ರ ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ನಿಲ್ಲದೆ ಉಸಿರಾಡುತ್ತಿತ್ತು. ಅದಕ್ಕೆ ಅಲ್ಪವಿರಾಮವೂ ಇಲ್ಲ, ಪೂರ್ಣವಿರಾಮವೂ ಇಲ್ಲ. ಮೊದಮೊದಲು ನಾನು ಅದರೊಡನೆ ಜಗಳವಾಡಿದೆ. ಅದು ಊದುವಾಗ ನಾನು ಬಿಡುತ್ತಿದ್ದೆ. ಆಮೇಲೆ, ಹಳ್ಳದ ನೀರಿಗೆ ಕಾಲು ಸೋತವಳಂತೆ, ಅದು ಒಯ್ದಲ್ಲಿಗೆ ಹೋದೆ.

ಆ ನೀರಿನಲ್ಲಿ ಅಕ್ಷರಗಳು ತೇಲಿ ಬರುತ್ತಿದ್ದವು. ಒತ್ತಕ್ಷರಗಳು ತಮ್ಮ ಒತ್ತುಗಳನ್ನು ಕಳಚಿ ದಂಡೆಯ ಮೇಲೆ ಒಣಹಾಕಿದ್ದವು. ಮಹಾಪ್ರಾಣಗಳು ಅಲ್ಪಪ್ರಾಣಗಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದವು. ಅವುಗಳನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸಬೇಕೆಂದು ನನಗನ್ನಿಸಲಿಲ್ಲ. ಮಲಗಲಿ ಎಂದುಕೊಂಡೆ.

ಒಬ್ಬ ನರ್ಸು ಇದ್ದಳು, ಕೇರಳದವಳು. ಕನ್ನಡವನ್ನು ಹುಬ್ಬಳ್ಳಿಗೆ ಬಂದ ಮೇಲೆ ಕಲಿತವಳು. "ಟೀಚರ್, ನೀನು ಕಣ್ಣು ತೆರೆಯಿರಿ. ನಾನು ನಿಮ್ಮ ತಲೆ ಬಾಚುತ್ತಾಳೆ," ಎನ್ನುತ್ತಿದ್ದಳು. ಗಂಟುಕಟ್ಟಿದ ನನ್ನ ಕೂದಲನ್ನು ತುದಿಯಿಂದ ಬಿಡಿಸುತ್ತ ಬುಡದವರೆಗೆ ಬರುತ್ತಿದ್ದಳು, ನೋಯಿಸುತ್ತಿರಲಿಲ್ಲ. ಒಣಗಿದ ತುಟಿಗೆ ಒದ್ದೆಯ ಅರಳೆ ಒತ್ತುತ್ತ, "ನಾಳೆ ನೀವು ಚೆನ್ನಾಗಿ ಇತ್ತು," ಎನ್ನುತ್ತಿದ್ದಳು. ಮಾತಿಲ್ಲದೆ ಮಲಗಿದ್ದ ನನಗೆ ಆ ಕಾಲಗಳೂ ಪುರುಷಗಳೂ ಒಂದರೊಳಗೊಂದು ಕರಗಿ, ತೊಟ್ಟಿಲ ಪದದಂತೆ ಕೇಳಿಸುತ್ತಿದ್ದವು. ನಾಳೆ ಚೆನ್ನಾಗಿತ್ತು ಎಂಬುದಕ್ಕಿಂತ ಹೆಚ್ಚಿನ ಭರವಸೆಯನ್ನು ಸರಿಯಾದ ವಾಕ್ಯದಲ್ಲಿ ಕೊಡಲು ಸಾಧ್ಯವೇ ಎಂದು ನಾನು ಈಗಲೂ ಯೋಚಿಸುತ್ತೇನೆ.

ಹೊರಗೆ ಮೆಟ್ಟಿಲುಗಳ ಮೇಲೆ ಗಿರಿಜಾಳ ಬಿಡಾರ. ಹಿರೇಕೆರೂರು ಕಡೆಯ ಒಂದು ಕುಟುಂಬ ಅವಳಿಗೆ ತಮ್ಮ ಚಾಪೆಯಲ್ಲಿ ಜಾಗ ಕೊಟ್ಟು, ರೊಟ್ಟಿ ಪುಂಡಿಪಲ್ಯ ಹಂಚಿಕೊಂಡಿತ್ತು. ಅವಳ ಗಂಡ ಅಂಗಡಿ ಮುಚ್ಚಿ ಬಂದು, ಏನು ಮಾಡಬೇಕೆಂದು ತಿಳಿಯದೆ, ಎಲ್ಲರಿಗೂ ಚಹಾ ತಂದುಕೊಡುತ್ತಿದ್ದನಂತೆ. ಬಾಗಿಲು ತೆರೆದಾಗಲೆಲ್ಲ ಮೆಟ್ಟಿಲಿನವರು ಎದ್ದು ನಿಲ್ಲುತ್ತಿದ್ದರು, ಯಾರ ಹೆಸರು ಬರುವುದೋ ಎಂದು. ಒಮ್ಮೆ ಅವಳ ಹೆಸರು ಬಂತು. ಅಲ್ಲಿನ ಹಿರಿಯ ವೈದ್ಯರು, "ಅಕ್ಕಾರು ಒಂದು ಹೊತ್ತು ತಡಾ ಮಾಡಿ ಬಂದಿದ್ರ ನಮ್ಮ ಕೈಯಾಗ ಏನೂ ಇರತಿದ್ದಿಲ್ಲ. ಈಗ ಐತಿ," ಎಂದರಂತೆ. ಅವಳು ಮೆಟ್ಟಿಲಿಗೆ ಮರಳಿ, ಹಿರೇಕೆರೂರಿನ ಆ ಹೆಂಗಸಿನ ಹೆಗಲ ಮೇಲೆ ತಲೆಯಿಟ್ಟು ಅತ್ತದ್ದನ್ನು ನನಗೆ ಹೇಳಿದ್ದು ಅವಳ ಗಂಡ, ಅವಳಲ್ಲ.

ನಳಿಗೆ ತೆಗೆದರು. ಬಿಸಿಲು ಕಂಡೆ. ಗಂಜಿ ಕುಡಿದೆ. ಗೋಡೆ ಹಿಡಿದು ನಡೆದೆ. ದನಿ ಮರಳಿ ಬಂದಿತಾದರೂ ತೆಳ್ಳಗೆ ಬಂದಿತು. ತರಗತಿಯ ಹಿಂದಿನ ಸಾಲಿಗೆ ಅದು ಮುಟ್ಟುವುದಿಲ್ಲ. ಒಂದು ವರ್ಷ ಪ್ರಯತ್ನಿಸಿ, ಕೆಲಸ ಬಿಟ್ಟೆ. ಈಗ ಶಿಗ್ಗಾವಿಯಲ್ಲಿ ಗಿರಿಜಾಳ ಮನೆಯ ಪಕ್ಕದಲ್ಲಿಯೇ ಇದ್ದೇನೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತೇನೆ, ಮಾತಿನ ನಡುವೆಯೂ ನಿಲ್ಲುತ್ತೇನೆ. ಕೇಳುವವರು ಕಾಯುತ್ತಾರೆ, ಯಾರಿಗೂ ಅದು ಅಸಭ್ಯತೆಯೆಂದು ತೋರಿಲ್ಲ. ಹಜರತ್‌ಬಿ ಆ ವಾರವೇ ತನ್ನ ಗಂಟನ್ನು ತಾನೇ ಹೊತ್ತು ಮನೆಗೆ ನಡೆದಳೆಂದು ಆಮೇಲೆ ತಿಳಿಯಿತು.

ಮುಂದಿನ ಚಳಿಗಾಲದಲ್ಲಿ ಎದೆ ತೋರಿಸಲೆಂದು ಸವಣೂರಿಗೆ ಹೋಗಿದ್ದೆ. ಅದೇ ಜಗಲಿ, ಅದೇ ಕಲ್ಲಿನ ಬೆಂಚು, ಆ ವರ್ಷದ ಕೆಮ್ಮು. ಒಳಗಿನ ಬೆಂಚಿನಲ್ಲಿ ನಾನು ಕುಳಿತಿದ್ದಾಗ, ತಲೆಗೆ ಟವೆಲ್ ಸುತ್ತಿದ ಎತ್ತರದ ರೈತನೊಬ್ಬ ಹೆಂಡತಿಯೊಡನೆ ಬಂದು ನನ್ನ ಪಕ್ಕ ಕುಳಿತ. ಇಬ್ಬರೂ ನಡುವಯಸ್ಸಿನವರು. ವೈದ್ಯರು ಅವನ ಎದೆ ಕೇಳಿದರು, ನಾಡಿ ಹಿಡಿದರು, ಉಸಿರು ಎಣಿಸಿದರು. ಹೇಗಿದೆ ಎಂದು ಕೇಳಿದರು.

"ಹೂಂ," ಎಂದ ಅವನು.

ವೈದ್ಯರು ಹೆಂಡತಿಯ ಕಡೆ ತಿರುಗಿದರು. "ಇವರು ಮನೇಲಿ ಮಾತಾಡೋದು ಹೀಗೇನಾ ಅಮ್ಮ?"

ಹಿಂದಿನ ವರ್ಷ ಅವರು ಈ ಪ್ರಶ್ನೆ ಕೇಳುತ್ತಿರಲಿಲ್ಲ. ಅದು ಎಲ್ಲಿಂದ ಬಂದದ್ದೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು, ನನ್ನ ಕಡೆ ಒಮ್ಮೆ ನೋಡಿದರು.

"ಇವ್ರು ಮಾತಾಡೂದ ಇಲ್ರಿ," ಎಂದಳು ಆಕೆ. "ಲಗ್ನ ಆದಾಗಿಂದ ಹೂಂ ಮತ್ತ ಊಹೂಂ, ಎರಡ. ಎತ್ತಿನ ಜೋಡಿ ಆದ್ರೂ ಒಂದೀಟು ಮಾತಾಡ್ತಾರ."

ವೈದ್ಯರು ಕೊಳವೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ಮಾತನ್ನೇ ಆಡದವನ ಮಾತಿನಲ್ಲಿ ಏನನ್ನು ಹುಡುಕುವುದು? ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು. ಜೀಪು ಈಗಲೂ ಒಂದೇ.

"ಬೇರೆ ಏನಾದ್ರೂ ಬದಲಾಗಿದೆಯಾ? ಯಾವುದಾದ್ರೂ ಸರಿ. ಊಟ, ನಿದ್ದೆ, ನಡಿಗೆ."

ಆಕೆ ತಲೆ ತಗ್ಗಿಸಿದಳು. "ಹೇಳಾಕ ನಾಚಿಕಿ ಬರತೈತ್ರಿ."

"ಹೇಳಿ."

"ಮುಂಜಾನಿಂದ ನನ್ನ ಕೈ ಹಿಡಕೊಂಡಾರ್ರಿ. ಮಂದಿ ಮುಂದ. ಬಸ್ಸಿನ್ಯಾಗ ಸುದ್ದಾ ಬಿಡಲಿಲ್ಲ. ಎಂದೂ ಹಿಂಗ ಹಿಡದಾವರಲ್ಲ."

ಆಗ ನಾವು ನೋಡಿದೆವು. ಆಕೆಯ ಸೆರಗಿನ ಮರೆಯಲ್ಲಿ, ಮಣ್ಣು ಮೆತ್ತಿ ಒರಟಾದ ಅವನ ದೊಡ್ಡ ಕೈ ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದಿತ್ತು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ; ಕಿಟಕಿಯಾಚೆ ನೋಡುತ್ತಿದ್ದ, ಏನೋ ಹಿತವಾದದ್ದು ಅಲ್ಲಿಂದ ತೇಲಿ ಬರುತ್ತಿರುವ ಹಾಗೆ. ಆ ನೋಟ ನನಗೆ ಪರಿಚಿತವಾಗಿತ್ತು.

ವೈದ್ಯರು ಬಾಗಿ ಆ ಕೈಯನ್ನು ಬಹಳ ಹೊತ್ತು ನೋಡಿದರು. ಬಳಿಕ ಬಾಗಿಲಿಗೆ ಹೋಗಿ, ಜೀಪು ತರಲು ಹೇಳಿದರು.

ಡ್ರೈವರು ಆಕೆಯನ್ನು ಮುಂದಿನ ಸೀಟಿಗೆ ಕರೆದ. ಆಕೆ ಕೈಯನ್ನು ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. "ಹಿಂದನ ಕುಂದರ್ತೇನಿ ಬಿಡ್ರಿ," ಎಂದು, ಸೆರಗನ್ನು ಆ ಎರಡು ಕೈಗಳ ಮೇಲೆ ಸರಿಯಾಗಿ ಹೊದಿಸಿ, ಮೊದಲು ತಾನು ಹತ್ತಿ, ಅವನನ್ನು ಹತ್ತಿಸಿಕೊಂಡಳು.